ಒಡೆಯನ ಹೆಸರು ಹೊತ್ತ ನಾಲ್ಕು ಮುಖಗಳು

ಉಳ್ಳವನ ಪಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತಾರೆ. ಇಲ್ಲದವನ ಹಳೆಯ ಪಟ ಎಲ್ಲಾದರೂ ಉಳಿದಿದ್ದರೆ ಅದು ಪೊಲೀಸ್ ಠಾಣೆಯ ಕಡತದಲ್ಲಿ, ಇಲ್ಲವೆ ಯಾವನೋ ವಿಜ್ಞಾನಿಯ ಬೀರುವಿನಲ್ಲಿ. ಇಲ್ಲಿ ಹೇಳಹೊರಟಿರೋದು ಅಂಥ ಬೀರುವಿನಲ್ಲಿ ಸಿಕ್ಕ ನಾಲ್ವರ ಕತೆ. ನಾಲ್ವರಿಗೂ ಇವತ್ತು ಒಂದೇ ಮನೆತನದ ಹೆಸರು: ಟೇಲರ್. ಆ ಮನೆತನ ಅವರದಲ್ಲ, ಅವರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದವನದು.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕೊಲಂಬಿಯಾ ಪಟ್ಟಣ. 1850ರಲ್ಲಿ ಅಲ್ಲಿನ ಜೋಸೆಫ್ ಝೀಲಿ ಎಂಬ ಛಾಯಾಚಿತ್ರಗಾರನ ಮುಂದೆ ಏಳು ಮಂದಿ ಕಪ್ಪು ಗುಲಾಮರನ್ನು ತಂದು ನಿಲ್ಲಿಸಿದರು. ಊರಿನ ಸಿರಿವಂತರು ಒಳ್ಳೆ ಬಟ್ಟೆ ತೊಟ್ಟು ಪಟ ತೆಗೆಸಿಕೊಳ್ಳುತ್ತಿದ್ದುದು ಇದೇ ಝೀಲಿಯ ಹತ್ತಿರ. ಈ ಏಳು ಮಂದಿಯ ಬಟ್ಟೆ ಬಿಚ್ಚಿಸಿದರು. ಎದುರಿನಿಂದ, ಪಕ್ಕದಿಂದ, ಕೆಲವರನ್ನು ಬೆನ್ನ ಕಡೆಯಿಂದ ಚಿತ್ರ ತೆಗೆದರು. ಜಾತ್ರೆಯಲ್ಲಿ ದನ ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ಒಂದು ಸುತ್ತು ಬರುತ್ತಾನಲ್ಲ, ಹಾಗೆ. ಒಟ್ಟು 15 ಚಿತ್ರಗಳು. ಆಗಿನ ಚಿತ್ರ ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ನೇರವಾಗಿ ಮೂಡುತ್ತಿತ್ತು. ನೆಗೆಟಿವ್ ಇಲ್ಲ, ಎರಡನೇ ಪ್ರತಿ ಇಲ್ಲ. ತಗಡು ಯಾರ ಕೈಯಲ್ಲೋ ಮುಖವೂ ಅವರ ಕೈಯಲ್ಲೇ.

ಚಿತ್ರಗಳಿಗೆ ಚೀಟಿ ಅಂಟಿಸಿದರು. ರೆಂಟಿ, ಕಾಂಗೊ ಕಡೆಯವನು. ಡೀಲಿಯಾ, ಈ ನೆಲದಲ್ಲೇ ಹುಟ್ಟಿದವಳು, ರೆಂಟಿಯ ಮಗಳು. ಜ್ಯಾಕ್, ಗಿನಿ ಕಡೆಯವನು. ಡ್ರಾನಾ, ಜ್ಯಾಕನ ಮಗಳು. ನಾಲ್ವರೂ ಬಿ. ಎಫ್. ಟೇಲರ್ ಎಂಬ ತೋಟದ ಧಣಿಯ ಆಳುಗಳು. ಆಲ್ಫ್ರೆಡ್, ಫಸೇನಾ, ಜೆಮ್ ಎಂಬ ಉಳಿದ ಮೂವರು ಬೇರೆ ಒಡೆಯರವರು. ಚೀಟಿಯಲ್ಲಿ ಧಣಿಯ ಹೆಸರಿಗೆ ಗೌರವದ ಬಾಲ ಉಂಟು. ಆಳಿಗೆ ಒಂಟಿ ಹೆಸರು.

ಅದೇ 1850ರಲ್ಲಿ ಅಮೆರಿಕದಲ್ಲಿ ಜನಗಣತಿಯೂ ನಡೆಯಿತು. ಗುಲಾಮರಿಗೆ ಬೇರೆಯೇ ಪಟ್ಟಿ. ಅದರಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ಇಷ್ಟು ವಯಸ್ಸಿನ ಗಂಡು, ಇಷ್ಟು ವಯಸ್ಸಿನ ಹೆಣ್ಣು ಅಂತ ಲೆಕ್ಕ ಇದೆ. ಆಳಿನ ಹೆಸರೇ ಇಲ್ಲ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದವರ ಹೆಸರನ್ನು ದೇಶದ ಗಣತಿ ಬರೆದುಕೊಂಡದ್ದು 1870ರಲ್ಲಿ. ಆಗ ಎಷ್ಟೋ ಮಂದಿ ಹಳೆಯ ಒಡೆಯನ ಮನೆತನದ ಹೆಸರನ್ನೇ ಹೇಳಿದರು. ಇದು ಧಣಿಯ ಮೇಲಿನ ಭಕ್ತಿ ಅಂತ ತಿಳಿದರೆ ಮೂರ್ಖತನ. ಮಾರಾಟವಾಗಿ ಹೋದ ಮಗ, ಮಗಳು, ತಮ್ಮ ಹುಡುಕಿಕೊಂಡು ಬರಬೇಕಾದರೆ ಗುರುತು ಬೇಡವೆ? ಕಳೆದುಹೋದವರನ್ನು ಹುಡುಕಿ ಕಪ್ಪುಜನ ಪತ್ರಿಕೆಗಳಿಗೆ ಕೊಟ್ಟ ಜಾಹೀರಾತುಗಳಲ್ಲಿ ಹಳೆಯ ಒಡೆಯರ ಹೆಸರುಗಳು ತುಂಬಿವೆ. ತನ್ನದಲ್ಲದ ಹೆಸರೇ ತನ್ನವರ ಹತ್ತಿರ ಹೋಗುವ ದಾರಿಯಾಯಿತು.

ಇಷ್ಟಕ್ಕೂ ಆ ಚಿತ್ರಗಳನ್ನು ತೆಗೆಸಿದ್ದು ಯಾಕೆ? ಲೂಯಿ ಅಗಾಸಿ ಎಂಬ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರನಿಗಾಗಿ. ಸ್ವಿಟ್ಜರ್‌ಲೆಂಡಿನಿಂದ ಬಂದ ಈತ ಆ ಕಾಲದ ದೊಡ್ಡ ಜೀವಶಾಸ್ತ್ರಜ್ಞ. ಮನುಷ್ಯರೆಲ್ಲರ ಮೂಲ ಒಂದೇ ಅಲ್ಲ, ಒಂದೊಂದು ಜನಾಂಗವೂ ಬೇರೆ ಬೇರೆಯಾಗಿ ಸೃಷ್ಟಿಯಾದದ್ದು ಎಂಬುದು ಅವನ ವಾದ. ನಮಗೆ ಇದು ಹೊಸ ಮಾತೇನಲ್ಲ. ಒಬ್ಬ ಬಾಯಿಂದ ಹುಟ್ಟಿದ, ಒಬ್ಬ ಪಾದದಿಂದ ಹುಟ್ಟಿದ ಅನ್ನೋದನ್ನು ಸಾವಿರಾರು ವರ್ಷ ಕೇಳಿದ ಕಿವಿಗಳು ನಮ್ಮವು. ಅಲ್ಲಿ ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದರು, ಅಷ್ಟೆ.

ಅಂಗಿ ಕಳಚಿದವನು ಫ್ರೆಡೆರಿಕ್ ಡಗ್ಲಾಸ್. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಹಿಡಿಯುವವರ ಕೈಗೆ ಸಿಗದಂತೆ ಬೇಲಿ ಎಂಬ ಹೆಸರು ಬಿಟ್ಟು ಡಗ್ಲಾಸ್ ಆದವನು. 1854ರಲ್ಲಿ ಕಾಲೇಜೊಂದರ ಭಾಷಣದಲ್ಲಿ ಅಗಾಸಿಯಂಥವರ ವಾದವನ್ನು ಹೆಸರು ಹಿಡಿದೇ ಖಂಡಿಸಿದ. ಈ ಪಂಡಿತರ ಪುಸ್ತಕಗಳಲ್ಲಿ ಬಿಳಿಯನ ಮುಖವನ್ನು ಅತ್ಯುತ್ತಮವಾಗಿ ಬರೆದು, ಕರಿಯನ ಮುಖವನ್ನು ವಿಕಾರ ಮಾಡಿ ಪಕ್ಕದಲ್ಲಿಡುತ್ತಾರೆ ಎಂದು ತೋರಿಸಿದ. ಬಾಯಿಮಾತಿಗೆ ನಿಲ್ಲಲಿಲ್ಲ. ನೆಟ್ಟಗೆ ಕೋಟು ತೊಟ್ಟು, ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಾ ಬದುಕಿನುದ್ದಕ್ಕೂ ಪಟ ತೆಗೆಸಿಕೊಂಡ. ಸುಮಾರು 160 ಬೇರೆ ಬೇರೆ ಪಟಗಳನ್ನು ಸಂಶೋಧಕರು ಗುರುತಿಸಿದ್ದಾರೆ. ರೆಂಟಿಗೆ ಆ ಅವಕಾಶ ಇರಲಿಲ್ಲ. ಆದರೆ ರೆಂಟಿಯ ಕಣ್ಣುಗಳೂ ಕೆಳಗೆ ನೋಡುತ್ತಿಲ್ಲ.

ತಗಡುಗಳು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿ ಮರೆತುಹೋದವು. 1976ರಲ್ಲಿ ಅಟ್ಟದ ಬೀರುವೊಂದರಲ್ಲಿ ಮತ್ತೆ ಸಿಕ್ಕವು. ಅಲ್ಲಿಂದ ಮುಂದೆ ಪುಸ್ತಕ, ಸಭೆ, ಪ್ರದರ್ಶನಗಳಲ್ಲಿ ಬಳಕೆಗೆ ಬಂದವು. ಇತ್ತ ಕನೆಕ್ಟಿಕಟ್ ರಾಜ್ಯದ ತಮಾರಾ ಲೇನಿಯರ್ ಎಂಬ ಕಪ್ಪು ಮಹಿಳೆಗೆ ಅವ್ವ ಹೇಳಿದ ಕತೆಗಳು ಗೊತ್ತಿದ್ದವು. ಅವರ ಪೂರ್ವಿಕ 'ಪಾಪಾ ರೆಂಟಿ' ಕಾಗುಣಿತದ ಪುಸ್ತಕವೊಂದನ್ನು ಹಿಡಿದು ತಾನೇ ಓದು ಕಲಿತವನು ಅಂತ. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಓದು ಕಲಿಸುವುದು 1834ರ ಕಾಯ್ದೆಯಿಂದ ಅಪರಾಧವಾಗಿತ್ತು ಎಂಬುದನ್ನು ಹಳ್ಳಿಯ ಮೇಷ್ಟ್ರುಗಳು ನೆನಪಿಡಬೇಕು. ಆ ಪಾಪಾ ರೆಂಟಿಯೇ ಈ ರೆಂಟಿ, ಈ ಚಿತ್ರಗಳು ನಮ್ಮ ಮನೆಯವು ಎಂದು ಲೇನಿಯರ್ 2019ರಲ್ಲಿ ಹಾರ್ವರ್ಡ್ ಮೇಲೆ ದಾವೆ ಹೂಡಿದರು.

ಕೆಳಗಿನ ನ್ಯಾಯಾಲಯ 2021ರಲ್ಲಿ ದಾವೆಯನ್ನು ವಜಾ ಮಾಡಿತು. ಚಿತ್ರದಲ್ಲಿರುವವನಿಗೆ ಚಿತ್ರದ ಮೇಲೆ ಒಡೆತನ ಇಲ್ಲ ಎಂಬುದು ಅದರ ಕಾನೂನು. 2022ರಲ್ಲಿ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯವೂ ಒಡೆತನದ ಮಾತನ್ನು ಒಪ್ಪಲಿಲ್ಲ. ಆದರೆ ಈ ಹೆಣ್ಣುಮಗಳ ಮನಸ್ಸಿಗೆ ಆದ ನೋವಿಗೆ ಹಾರ್ವರ್ಡ್ ಉತ್ತರ ಕೊಡಬೇಕು, ಆ ಭಾಗದ ದಾವೆ ನಡೆಯಲಿ ಎಂದಿತು. 2025ರ ಮೇ ತಿಂಗಳಲ್ಲಿ ರಾಜಿಯಾಯಿತು. ಚಿತ್ರಗಳನ್ನು ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿರುವ ಅಂತಾರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಒಪ್ಪಿಸಲು ಹಾರ್ವರ್ಡ್ ಒಪ್ಪಿತು. ಆಫ್ರಿಕಾದಿಂದ ಹಿಡಿದು ತಂದವರನ್ನು ಹಡಗಿನಿಂದ ಇಳಿಸುತ್ತಿದ್ದ ಕಟ್ಟೆಯ ಜಾಗದಲ್ಲೇ ಆ ಮ್ಯೂಸಿಯಂ ನಿಂತಿದೆ. ಲೇನಿಯರ್ ರೆಂಟಿಯ ವಂಶದವರು ಎಂಬುದನ್ನು ಮಾತ್ರ ಹಾರ್ವರ್ಡ್ ಖಚಿತಪಡಿಸಲಿಲ್ಲ. ಆಳಿನ ವಂಶವೃಕ್ಷ ಯಾರು ಬರೆದಿಟ್ಟಿದ್ದರು, ಪುರಾವೆ ಕೇಳೋಕೆ?

ಇದು ದೂರದ ಕತೆ ಅಂತ ಪುಟ ತಿರುವಬೇಡಿ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಛಾಯಾಚಿತ್ರ ಸಮೇತ ಹೊರತಂದಿತು. ಪಟದ ಕೆಳಗೆ ಬಹುಮಟ್ಟಿಗೆ ಮನುಷ್ಯನ ಹೆಸರಿನ ಜಾಗದಲ್ಲಿ ಜಾತಿಯ ಹೆಸರು. ಆಮೇಲೆ ರಿಸ್ಲೆ ಮೂಗಿನ ಅಳತೆ ಹಿಡಿದು ಜಾತಿಗಳ ಮೇಲುಕೀಳು ಲೆಕ್ಕ ಹಾಕಿದ. ಮದ್ರಾಸಿನ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಕನ್ನಡನಾಡಿನ ಹೊಲೆಯರೂ ಅದರಲ್ಲಿದ್ದಾರೆ. ಅಲ್ಲಿ ಅವರು ಒಂದು ಮಾದರಿ. ಹಳ್ಳಿಯಲ್ಲೂ ನಮ್ಮವರಿಗೆ ಸಿಕ್ಕ ಗುರುತು ಇದೇ ತಾನೇ: ಗೌಡರ ಮನೆಯ ಆಳು, ಶಾನುಭೋಗರ ಹೊಲದ ಜೀತದವನು.

ಹೆಸರಿನ ಪ್ರಶ್ನೆ ಅದಕ್ಕೇ ಸಣ್ಣದಲ್ಲ. ಮಾಲ್ಕಮ್ ಲಿಟಲ್ ಒಡೆಯರು ಕೊಟ್ಟ ಮನೆತನದ ಹೆಸರನ್ನು ಕಿತ್ತೆಸೆದು ಮಾಲ್ಕಮ್ ಎಕ್ಸ್ ಆದ. ಕರಿಯ ಚಿರತೆಗಳ ಹೆಸರು ಕೇಳಿ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. ಕೆಲವರು ಹೆಸರನ್ನು ಬಿಸಾಕಿದರು. ಕೆಲವರು ಹೊಸದು ಕಟ್ಟಿಕೊಂಡರು. ಟೇಲರ್ ಹೆಸರು ಹೊತ್ತವರು ಅದನ್ನೇ ಹಿಡಿದು ತಮ್ಮವರನ್ನು ಹುಡುಕಿದರು. ಮೂರೂ ಬಂಡಾಯವೇ.

ಆ ಚೀಟಿಗಳಲ್ಲಿ ಒಂದು ಮಾತಿದೆ: ರೆಂಟಿಯ ಮಗಳು. ರಕ್ತ, ತಳಿ ನೋಡುವುದಕ್ಕೆ ಬರೆದದ್ದು, ಅವರ ಸಂಕಟ ನೋಡುವುದಕ್ಕಲ್ಲ. ಅಪ್ಪ ಮಗಳ ಬಟ್ಟೆ ಬಿಚ್ಚಿಸಿದವರ ಕೈಯಿಂದಲೇ ಅಪ್ಪ ಮಗಳ ಸಂಬಂಧಕ್ಕೆ ಸಾಕ್ಷಿ ಬರೆಯಿಸಿಬಿಟ್ಟಿದೆ ಚರಿತ್ರೆ. ಆ ಬತ್ತಲೆಯನ್ನು ನಾವು ಮತ್ತೆ ಅಚ್ಚು ಹಾಕುವುದು ಬೇಡ. ಹೆಸರು ಸಾಕು. ರೆಂಟಿ, ಡೀಲಿಯಾ, ಜ್ಯಾಕ್, ಡ್ರಾನಾ. ಶಾಲೆಯಲ್ಲಿ ಹಾಜರಿ ಕರೆಯುವ ಮೇಷ್ಟ್ರುಗಳಿಗೆ ಹೆಸರಿನ ಬೆಲೆ ಬೇರೆ ಹೇಳಬೇಕಿಲ್ಲ. ಹಳೆಯ ಪಟ ಕಂಡಾಗ ಕೆಳಗೆ ಬರೆದದ್ದನ್ನು ಓದಿ ಸುಮ್ಮನಾಗಬೇಡಿ. ಇವರು ಯಾರ ಆಳು ಅನ್ನೋದನ್ನಲ್ಲ, ಯಾರ ಮಗಳು, ಯಾರ ಅಪ್ಪ ಅನ್ನೋದನ್ನು ಕೇಳಿ.