ಸಿಒಪಿಡಿ ರೋಗಿಗಳಲ್ಲಿ ಕಶೇರುಮಣಿ ಮುರಿತ

ಕಶೇರುಮಣಿ ಮುರಿತವು ಸಿಒಪಿಡಿ ಎಂಬ ದೀರ್ಘಕಾಲಿಕ ಶ್ವಾಸಕೋಶ ರೋಗದೊಂದಿಗೆ ಹೆಚ್ಚಾಗಿ ಕಂಡುಬರುವ, ಆದರೆ ಬಹುಪಾಲು ಗುರುತಿಸಲ್ಪಡದೆ ಉಳಿಯುವ ತೊಡಕು. ಇಲ್ಲಿ ಬೆನ್ನುಮೂಳೆ ಎರಡು ತುಂಡಾಗುವುದಿಲ್ಲ. ಸಾಂದ್ರತೆ ಕಳೆದುಕೊಂಡ ಕಶೇರುಮಣಿಯು ದೇಹದ ಭಾರಕ್ಕೆ ಕುಸಿದು, ಸಾಮಾನ್ಯವಾಗಿ ಮುಂಭಾಗದಲ್ಲಿ ತಗ್ಗಿ ಬೆಣೆಯಾಕಾರ ತಾಳುತ್ತದೆ. ಬಿದ್ದು ಪೆಟ್ಟಾಗಬೇಕೆಂದೇನೂ ಇಲ್ಲ. ಬಗ್ಗಿ ಕೊಡ ಎತ್ತುವಾಗ, ಕೆಲವೊಮ್ಮೆ ಜೋರಾಗಿ ಕೆಮ್ಮಿದಾಗಲೂ ಇದು ಸಂಭವಿಸಬಹುದು.

ಕಾರಣಗಳು

ಧೂಮಪಾನವು ಶ್ವಾಸಕೋಶ ಮತ್ತು ಮೂಳೆ ಎರಡಕ್ಕೂ ಹಾನಿಕರ. ಇದರೊಂದಿಗೆ ಇಳಿವಯಸ್ಸು, ತೂಕ ಇಳಿಕೆ, ವಿಟಮಿನ್ ಡಿ ಕೊರತೆ, ಏದುಸಿರಿನಿಂದಾಗಿ ನಡಿಗೆ ಕಡಿಮೆಯಾಗುವುದು ಮತ್ತು ದೀರ್ಘಕಾಲದ ಉರಿಯೂತ ಸೇರಿಕೊಳ್ಳುತ್ತವೆ. ರೋಗ ಉಲ್ಬಣಿಸಿದಾಗ ನೀಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಗಳು ಹೊಸ ಮೂಳೆ ಕಟ್ಟುವ ಕೋಶಗಳ ಕೆಲಸವನ್ನು ಕುಗ್ಗಿಸುತ್ತವೆ. ಮಾತ್ರೆಗಳನ್ನು ನಿರಂತರವಾಗಿ ಸೇವಿಸುವವರಲ್ಲಿ ಮೊದಲ ಕೆಲವು ತಿಂಗಳುಗಳಲ್ಲೇ ಮೂಳೆಯ ನಷ್ಟ ತೀವ್ರವಾಗಿರುತ್ತದೆ. ಉಸಿರಿನೊಂದಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್‌ಗಳ ಪ್ರಭಾವ ಇದಕ್ಕಿಂತ ಬಹಳ ಕಡಿಮೆ.

ಉಸಿರಾಟದ ಮೇಲಿನ ಪರಿಣಾಮ

ಪಕ್ಕೆಲುಬುಗಳು ಎದೆಭಾಗದ 12 ಕಶೇರುಮಣಿಗಳಿಗೆ ಜೋಡಿಕೊಂಡಿರುವುದರಿಂದ ಅವು ಕುಸಿದಾಗ ಬೆನ್ನು ಗೂನಾಗಿ ಎದೆಗೂಡಿನ ಅವಕಾಶ ಕಿರಿದಾಗುತ್ತದೆ. ಆಸ್ಟಿಯೊಪೊರೋಸಿಸ್ ಇರುವ ಮಹಿಳೆಯರನ್ನು ಕುರಿತ, 1990ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎದೆಭಾಗದ ಪ್ರತಿಯೊಂದು ಮುರಿತಕ್ಕೂ ಶ್ವಾಸಧಾರಣ ಸಾಮರ್ಥ್ಯವು ನಿರೀಕ್ಷಿತ ಮಟ್ಟದ ಸುಮಾರು ಶೇ. 9ರಷ್ಟು ತಗ್ಗುವುದನ್ನು ಅಂದಾಜಿಸಿತು. ಆರೋಗ್ಯವಂತರು ಇದನ್ನು ಸಹಿಸಿಕೊಳ್ಳಬಹುದು. ಮೊದಲೇ ಉಸಿರಿಗೆ ಕಷ್ಟಪಡುವವರಿಗೆ ಇದು ದೊಡ್ಡ ನಷ್ಟ. ನೋವಿಗೆ ಹೆದರಿ ರೋಗಿಯು ಆಳವಾಗಿ ಉಸಿರಾಡದೆ, ಕೆಮ್ಮದೆ ಇದ್ದರೆ ಕಫ ಕಟ್ಟಿಕೊಂಡು ಸೋಂಕಿಗೆ ಎಡೆಯಾಗುತ್ತದೆ.

ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ನಿರೀಕ್ಷಿತ ಮಟ್ಟವನ್ನು ರೋಗಿಯ ಎತ್ತರದಿಂದ ಲೆಕ್ಕಹಾಕುತ್ತಾರೆ. ಬೆನ್ನು ಕುಸಿದು ಕುಳ್ಳಗಾದವರಲ್ಲಿ ಈಗಿನ ಎತ್ತರವನ್ನೇ ಬಳಸಿದರೆ ನಿರೀಕ್ಷಿತ ಮಟ್ಟವೂ ಇಳಿದು, ಫಲಿತಾಂಶ ವಾಸ್ತವಕ್ಕಿಂತ ಉತ್ತಮವಾಗಿ ಕಾಣುತ್ತದೆ. ಆದ್ದರಿಂದ ಎರಡೂ ತೋಳುಗಳನ್ನು ಚಾಚಿದಾಗಿನ ಅಳತೆಯನ್ನು ಎತ್ತರದ ಬದಲಿಗೆ ಬಳಸುವ ಕ್ರಮವಿದೆ.

ಪತ್ತೆ ಮತ್ತು ಚಿಕಿತ್ಸೆ

ಬೆನ್ನುನೋವನ್ನು ವಯಸ್ಸಿಗೂ ಏದುಸಿರನ್ನು ಶ್ವಾಸಕೋಶಕ್ಕೂ ಆರೋಪಿಸುವುದರಿಂದ ಮುರಿತ ಮರೆಯಾಗುತ್ತದೆ. ಈ ರೋಗಿಗಳ ಎದೆಯ ಕ್ಷ-ಕಿರಣ ಚಿತ್ರವನ್ನು ಪದೇ ಪದೇ ತೆಗೆಯಲಾಗುತ್ತದಾದರೂ ಗಮನವೆಲ್ಲ ಶ್ವಾಸಕೋಶದ ಮೇಲಿರುತ್ತದೆ. ಪಾರ್ಶ್ವದಿಂದ ತೆಗೆದ ಚಿತ್ರದಲ್ಲಿ ಕಶೇರುಮಣಿಯ ಎತ್ತರ ಶೇ. 20ಕ್ಕಿಂತ ಹೆಚ್ಚು ತಗ್ಗಿದ್ದರೆ ಅದನ್ನು ಸಾಮಾನ್ಯವಾಗಿ ಮುರಿತವೆಂದು ಪರಿಗಣಿಸುತ್ತಾರೆ. ಮೂಳೆ ಸಾಂದ್ರತೆಯ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ. ಕುಸಿದ ಮಣಿ ಅದರಲ್ಲಿ ಹೆಚ್ಚು ಸಾಂದ್ರವಾಗಿ ತೋರಬಹುದು.

ಧೂಮಪಾನ ತ್ಯಾಗ, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಅಲೆಂಡ್ರೊನೇಟ್‌ನಂತಹ ಔಷಧಗಳು ಚಿಕಿತ್ಸೆಯಲ್ಲಿ ಸೇರಿವೆ. ಶ್ವಾಸಕೋಶ ಪುನಶ್ಚೇತನದ ವ್ಯಾಯಾಮಗಳನ್ನು ಮುಂದುವರಿಸಬಹುದು. ಸೊಂಟದಿಂದ ಪೂರ್ಣ ಮುಂದಕ್ಕೆ ಬಾಗುವ ಭಂಗಿಗಳನ್ನು ಮಾತ್ರ ಕೈಬಿಡಬೇಕಾಗುತ್ತದೆ.