ತುಪ್ಪ ಬೇಡ ಅಂದವರು ಯಾರು?

ಹಳಿಯಾಳದಿಂದ ಅಕ್ಕನ ಫೋನು. ನಾನು ಬೆಂಗಳೂರಿನ ಆಫೀಸಿನ ಮೆಟ್ಟಿಲ ಮೇಲಿದ್ದೆ.

“ತಮ್ಮಾ, ಕೂಸಿನ ಗಂಜಿಗೆ ತುಪ್ಪ ಹಾಕಬೇಕೋ ಬ್ಯಾಡೋ? ಹಾರ್ಟ್ ಆಪರೇಶನ್ ಆಗೇತಿ, ಜಿಡ್ಡು ಮುಟ್ಟಿಸಬ್ಯಾಡ್ರಿ ಅಂತಾರ ಓಣ್ಯಾಗಿನವರು.”

ಅಕ್ಕನ ಮಗನಿಗೆ ಆಗ ಹದಿನಾಲ್ಕು ತಿಂಗಳು, ತೂಕ ಬರೀ 6 ಕೆಜಿ. ಅಂಗನವಾಡಿಗೆ ಬಂದ ವೈದ್ಯರ ತಂಡ ಎದೆಬಡಿತ ಕೇಳಿದಾಗಲೇ ಹೃದಯದಲ್ಲಿ ರಂಧ್ರ ಇರೋ ಅನುಮಾನ ಬಂದಿದ್ದು. ಆಪರೇಶನ್ ಚೆನ್ನಾಗೇ ಆಗಿತ್ತು. ಆದರೆ ಮನೆಗೆ ಬಂದು ತಿಂಗಳಾದರೂ ತೂಕ ಏರಿರಲಿಲ್ಲ.

ಓಣಿಯವರನ್ನು ಬೈದು ಪ್ರಯೋಜನವಿಲ್ಲ. ಅವರ ಮಾತಿಗೂ ಒಂದು ಇತಿಹಾಸ ಇದೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ ದೊಡ್ಡವರ ಹೃದ್ರೋಗದ ಅಧ್ಯಯನ ಶುರುವಾಯ್ತು. ಕೊಲೆಸ್ಟರಾಲ್ ಅನ್ನೋ ಪದ ಅಲ್ಲಿಂದ ಹೊರಟು ನಮ್ಮ ಹೆಲ್ತ್ ಚೆಕಪ್ ರಿಪೋರ್ಟಿನ ತನಕ ಬಂತು. ಹೃದಯ ಅಂದರೆ ಜಿಡ್ಡಿನ ಭಯ ಅಂತಾಯ್ತು.

ಮಕ್ಕಳ ಹೃದಯದ ಕತೆ ಬೇರೆ. ಅದಕ್ಕೂ ನಾಲ್ಕು ವರ್ಷ ಮೊದಲು, 1944ರ ನವೆಂಬರ್ 29ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಐಲೀನ್ ಸ್ಯಾಕ್ಸನ್ ಎಂಬ ‘ನೀಲಿ ಮಗು’ವಿಗೆ ಡಾ. ಬ್ಲಾಲಾಕ್ ಶಸ್ತ್ರಚಿಕಿತ್ಸೆ ಮಾಡಿದರು. ಹದಿನೈದು ತಿಂಗಳ ಆ ಮಗುವಿನ ತೂಕ ಸುಮಾರು 4 ಕೆಜಿ. ಇಲ್ಲಿ ಶತ್ರು ಕೊಬ್ಬಲ್ಲ, ಹಸಿವು.

ಯಾಕೆ? ದೊಡ್ಡ ರಂಧ್ರ ಇರುವ ಕೂಸಿಗೆ ಹಾಲು ಚೀಪುವುದೇ ಮೆಟ್ಟಿಲು ಹತ್ತಿದಷ್ಟು ದಣಿವು. ಆರೋಗ್ಯವಂತ ಶಿಶುವಿಗೆ ದಿನಕ್ಕೆ ಕೆಜಿಗೆ ಸುಮಾರು 100 ಕ್ಯಾಲೊರಿ ಸಾಕಾದರೆ, ಇಂಥವರಿಗೆ 120ರಿಂದ 150 ಬೇಕಾಗಬಹುದು. ಒಂದು ವಿಚಿತ್ರ ಅಂದರೆ, ಆಪರೇಶನ್ ಆದ ಮೊದಲ ದಿನಗಳಲ್ಲಿ ಅಗತ್ಯ ಕಡಿಮೆಯೇ ಇರುತ್ತೆ. ವೆಂಟಿಲೇಟರ್ ಉಸಿರಾಡಿಸುತ್ತೆ, ಮಗು ಮಲಗಿರುತ್ತೆ. ಆಗ ಅತಿಯಾಗಿ ಉಣಿಸಿದರೆ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದೇ ಶ್ವಾಸಕೋಶಕ್ಕೆ ಹೊರೆ. ಹಿಂದೆ ಬಿದ್ದ ಬೆಳವಣಿಗೆಯ ಸಾಲ ತೀರಿಸೋ ಕಾಲ ಆಮೇಲೆ, ಮನೆಯಲ್ಲಿ ಬರುತ್ತೆ.

ಆದರೆ ಹೊಟ್ಟೆ ಚಿಕ್ಕದು. ನಮ್ಮ ಕಡೆ ಜೋಯಿಡಾ, ಹಳಿಯಾಳದಲ್ಲಿ ರಾಗಿಗೆ ನಾಚಣಿ ಅಂತಲೂ ಅಂತಾರೆ. ಅದರ ಹಿಟ್ಟು ಸ್ವಲ್ಪ ಹಾಕಿದರೂ ಗಂಜಿ ಗಟ್ಟಿಯಾಗುತ್ತೆ. ನೀರು ಸೇರಿಸಿ ತೆಳು ಮಾಡಿದರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಿಗಲ್ಲ. ಇದಕ್ಕೆ ಉತ್ತರ ಮೈಸೂರಿನಲ್ಲಿತ್ತು. 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಬಗ್ಗೆ ಬರೆದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತೆ. ಅದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳುವಾಗೇ ಇರುತ್ತೆ. ಅಜ್ಜಿಯರು ರಾಗಿಸರಿಗೆ ಮೊಳಕೆ ಕಟ್ಟುತ್ತಿದ್ದುದರ ಹಿಂದಿನ ವಿಜ್ಞಾನ ಇದು.

ಇನ್ನು ತುಪ್ಪ. ಒಂದು ಟೀ ಚಮಚದಲ್ಲಿ ಸುಮಾರು 40 ಕ್ಯಾಲೊರಿ. 6 ಕೆಜಿ ಕೂಸಿನ ದಿನದ 720ರಲ್ಲಿ ಎರಡು ಚಮಚವೇ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು! ಎದೆಯೊಳಗೆ ಕೊಬ್ಬಿನಂಶದ ದುಗ್ಧರಸ ಸೋರುವ ಕೆಲವು ಮಕ್ಕಳಿಗೆ ಮಾತ್ರ ಕೆಲ ವಾರ ಮಾಮೂಲಿ ಜಿಡ್ಡು ನಿಜಕ್ಕೂ ಬೇಡ.

ಅದಕ್ಕೇ ಅಕ್ಕನಿಗೆ ಅಂದೆ, “ಓಣಿಯವರನ್ನೂ ಕೇಳಬ್ಯಾಡ, ನನ್ನನ್ನೂ ಕೇಳಬ್ಯಾಡ. ಆಪರೇಶನ್ ಮಾಡಿದ ಡಾಕ್ಟರನ್ನ ಕೇಳು.” ಕೇಳಿದಳು. ಧಾರಾಳ ಹಾಕ್ರಿ ಅಂದರಂತೆ.

ಮುಂದಿನ ವಾರ ಮತ್ತೆ ಫೋನು. “ಅವ್ವ ನಾಚಣಿ ಮೊಳಕಿ ಕಟ್ಯಾಳ. ಕೂಸು ಬಟ್ಟಲಾ ನೆಕ್ಕಾಕತ್ತೇತಿ.”