ಮನೆಯಲ್ಲಿ ಪಾಠವಾದರೆ ಮೈದಾನ ಯಾರದು?

ಸರ್ಕಾರಿ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡಬೇಕಾದರೆ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಇರಲೇಬೇಕೆ? ಇದೂ ಒಂದು ಪ್ರಶ್ನೆಯೇ ಎಂದು ಯಾರಿಗಾದರೂ ಅನಿಸೀತು. ಆದರೆ ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳು 1990ರ ದಶಕದಿಂದ ಇದೇ ಪ್ರಶ್ನೆಯ ಸುತ್ತ ಜಗಳವಾಡುತ್ತ ಬಂದಿವೆ. ಮಸೂದೆಗಳು ಮಂಡನೆಯಾಗಿವೆ, ಬಿದ್ದುಹೋಗಿವೆ, ಮತ್ತೆ ಎದ್ದು ಬಂದಿವೆ. ಈ ಪ್ರಶ್ನೆ ಎತ್ತಿದವರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ತಂದೆ ತಾಯಂದಿರು. ಊರಿನ ಶಾಲೆ ನಡೆಯುವುದು ತಾವೂ ಕಟ್ಟುವ ತೆರಿಗೆಯಿಂದ. ಪಾಠ ಬೇಡವೆಂದ ಮಾತ್ರಕ್ಕೆ ಮೈದಾನ, ಪ್ರಯೋಗಾಲಯ, ವಾದ್ಯವೃಂದ ಎಲ್ಲವನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ ಎಂಬುದು ಅವರ ವಾದ.

ಈ ವಾದ ಹುಟ್ಟುವುದಕ್ಕೆ ಮುಂಚೆ ಇನ್ನೊಂದು ಹೋರಾಟ ನಡೆದಿತ್ತು. ಮನೆಯಲ್ಲಿ ಕಲಿಸುವ ಹಕ್ಕಿಗಾಗಿಯೇ ಅಲ್ಲಿನ ಕುಟುಂಬಗಳು ಕೋರ್ಟು, ಜೈಲು ಕಂಡಿದ್ದವು. ಎರಡೂ ಸೇರಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ.

ಮನೆಯೇ ಪಾಠಶಾಲೆಯಾಗಿರುವುದು ಅಮೆರಿಕಕ್ಕೆ ಹೊಸದಲ್ಲ. ಇಂಗ್ಲೆಂಡಿನಿಂದ ವಲಸೆ ಬಂದವರು ನೆಲೆಸಿದ್ದ ಮ್ಯಾಸಚೂಸೆಟ್ಸ್ ವಸಾಹತು 1642ರಲ್ಲಿ ಒಂದು ಕಾನೂನು ಮಾಡಿತು. ಮಕ್ಕಳಿಗೆ ಓದು ಕಲಿಸುವ ಹೊಣೆಯನ್ನು ಅದು ಹೊರಿಸಿದ್ದು ಶಾಲೆಯ ಮೇಲಲ್ಲ, ತಂದೆ ತಾಯಂದಿರ ಮೇಲೆ ಮತ್ತು ಕೆಲಸ ಕಲಿಸುವ ಯಜಮಾನರ ಮೇಲೆ. ಐವತ್ತು ಮನೆಗಳಿರುವ ಊರು ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳಬೇಕು ಎಂಬ ಕಾನೂನು ಬಂದದ್ದು ಅದರ ನಂತರ, 1647ರಲ್ಲಿ. ಅಬ್ರಹಾಂ ಲಿಂಕನ್ ಶಾಲೆಯ ಮೆಟ್ಟಿಲು ಹತ್ತಿದ್ದು ಒಟ್ಟು ಲೆಕ್ಕ ಹಾಕಿದರೂ ಒಂದು ವರ್ಷ ತುಂಬದು. ಥಾಮಸ್ ಎಡಿಸನ್‌ಗೆ ಪಾಠ ಹೇಳಿದವರು ಅವರ ತಾಯಿ.

ಶಾಲೆಗೆ ಹೋಗುವುದು ಕಡ್ಡಾಯವಾದದ್ದು ಆಮೇಲೆ. ಮೊದಲಿಗೆ ಕಾನೂನು ಮಾಡಿದ್ದೂ ಮ್ಯಾಸಚೂಸೆಟ್ಸ್ ರಾಜ್ಯವೇ, 1852ರಲ್ಲಿ. ಎಲ್ಲರಿಗಿಂತ ಕೊನೆಯದು ಮಿಸಿಸಿಪ್ಪಿ, 1918ರಲ್ಲಿ. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಬಿಡಿಸುವುದಕ್ಕೆ, ಬೇರೆ ಬೇರೆ ದೇಶಗಳಿಂದ ಬಂದ ವಲಸಿಗರ ಮಕ್ಕಳನ್ನು ಒಂದೇ ಅಚ್ಚಿಗೆ ಹಾಕುವುದಕ್ಕೆ ಈ ಕಾನೂನು ಸರ್ಕಾರಗಳಿಗೆ ಬೇಕಾಗಿತ್ತು. ಒರೆಗಾನ್ ರಾಜ್ಯ 1922ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂದು ವಿಧಿಸಿತು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯೊಂದು ಕೋರ್ಟಿಗೆ ಹೋಯಿತು. 1925ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಮಗುವಿನ ಶಿಕ್ಷಣ ಹೇಗಿರಬೇಕೆಂದು ತೀರ್ಮಾನಿಸುವುದರಲ್ಲಿ ಹೆತ್ತವರಿಗೂ ಹಕ್ಕಿದೆ ಎಂಬ ಮಾತು ಅಲ್ಲಿಂದ ಕಾನೂನಿನ ಭಾಷೆಗೆ ಸೇರಿತು.

ಮನೆ ಶಿಕ್ಷಣದ ಪರವಾಗಿ ಪದೇ ಪದೇ ಉದಾಹರಿಸುವ ಮತ್ತೊಂದು ತೀರ್ಪು 1972ರದು. ವಿಸ್ಕಾನ್ಸಿನ್ ರಾಜ್ಯದ ಮೂವರು ಆಮಿಷ್ ತಂದೆಯರು ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆ ಬಿಡಿಸಿದರು. ತಲಾ 5 ಡಾಲರ್ ದಂಡ ಬಿತ್ತು. ಐದು ಡಾಲರ್ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ತಂದೆಯರೇ ಗೆದ್ದರು. ಆದರೆ ಆ ಮಕ್ಕಳು ಎಂಟನೆಯವರೆಗೆ ಶಾಲೆಯಲ್ಲೇ ಓದಿದವರು, ತೀರ್ಪು ನಿಂತದ್ದೂ ಆಮಿಷರ ಧಾರ್ಮಿಕ ಬದುಕಿನ ಆಧಾರದ ಮೇಲೆ. ಅದನ್ನು ಮನೆ ಶಿಕ್ಷಣಕ್ಕೆ ಸಿಕ್ಕ ಪರವಾನಗಿ ಎನ್ನುವುದು ಸ್ವಲ್ಪ ಎಳೆದಾಡಿದ ಅರ್ಥ.

ಅಸಲಿ ಚಳವಳಿ ಶುರುವಾದದ್ದು ಅದಾದ ಮೇಲೆ, ಅದೂ ಒಬ್ಬರನ್ನೊಬ್ಬರು ಒಪ್ಪದ ಎರಡು ಗುಂಪುಗಳಿಂದ. ಒಂದು ಕಡೆ ಜಾನ್ ಹೋಲ್ಟ್. ಸ್ವತಃ ಮೇಷ್ಟ್ರಾಗಿದ್ದ ಇವರು ಮಕ್ಕಳು ಶಾಲೆಯಲ್ಲಿ ಕಲಿಯುವುದಕ್ಕಿಂತ ಹೆಚ್ಚಾಗಿ ಹೆದರುತ್ತಾರೆ ಎಂದು 1964ರಲ್ಲಿ ಪುಸ್ತಕ ಬರೆದರು. ಶಾಲೆಗಳನ್ನು ತಿದ್ದಬಹುದು ಎಂಬ ಆಸೆ ಕೈಬಿಟ್ಟು, 1977ರಲ್ಲಿ ಬಾಸ್ಟನ್ ನಗರದಿಂದ ಮನೆಯಲ್ಲಿ ಕಲಿಸುವವರಿಗಾಗಿಯೇ ಒಂದು ಪತ್ರಿಕೆ ತಂದರು. ಇನ್ನೊಂದು ಕಡೆ ಧಾರ್ಮಿಕ ಮನೋಭಾವದ ಕ್ರೈಸ್ತ ಕುಟುಂಬಗಳು. ಎಳೆಯ ಮಕ್ಕಳನ್ನು ಬೇಗ ಶಾಲೆಗೆ ದೂಡಬಾರದು ಎಂದು ವಾದಿಸುತ್ತಿದ್ದ ರೇಮಂಡ್ ಮತ್ತು ಡೊರೊತಿ ಮೂರ್ ದಂಪತಿಯ ಮಾತು ಇವರಿಗೆ ಹಿಡಿಸಿತು. ಹೋಲ್ಟ್ ಅವರಿಗೆ ಮಗುವಿನ ಸ್ವಾತಂತ್ರ್ಯ ಮುಖ್ಯ, ಇವರಿಗೆ ಮನೆತನದ ನಂಬಿಕೆ ಮುಖ್ಯ. ಆದರೂ ಕೋರ್ಟಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರಬೇಕಾಯಿತು.

ಆಗಿನ ದಿನಗಳು ಕಷ್ಟದವು. ಎಷ್ಟೋ ಕಡೆ ಹಗಲು ಹೊತ್ತಿನಲ್ಲಿ ಮಕ್ಕಳನ್ನು ಬೀದಿಗೆ ಬಿಡುವುದಕ್ಕೂ ಹೆತ್ತವರು ಅಂಜುತ್ತಿದ್ದರು. ಯೂಟಾ ರಾಜ್ಯದಲ್ಲಿ ಜಾನ್ ಸಿಂಗರ್ ಎಂಬಾತ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಕೋರ್ಟಿನ ಆದೇಶಕ್ಕೂ ಜಗ್ಗದೆ ಕುಳಿತ. 1979ರ ಜನವರಿಯಲ್ಲಿ ಬಂಧಿಸಲು ಬಂದ ಅಧಿಕಾರಿಗಳಿಗೆ ಪಿಸ್ತೂಲು ಹಿಡಿದು ಎದುರು ನಿಂತಾಗ ಗುಂಡೇಟಿಗೆ ಬಲಿಯಾದ. ಮಕ್ಕಳ ಓದಿನ ವಿಷಯ ಹೆಣ ಬೀಳುವವರೆಗೆ ಹೋಯಿತಲ್ಲ ಎಂದು ದೇಶವೇ ತಿರುಗಿ ನೋಡಿತು. 1983ರಲ್ಲಿ ಮೈಕೆಲ್ ಫ್ಯಾರಿಸ್ ಮತ್ತು ಮೈಕ್ ಸ್ಮಿತ್ ಎಂಬ ಇಬ್ಬರು ವಕೀಲರು ಮನೆ ಶಿಕ್ಷಣದ ಕುಟುಂಬಗಳ ಪರ ವಾದಿಸಲು ಸಂಘವೊಂದನ್ನು ಕಟ್ಟಿದರು. ಒಂದೊಂದೇ ರಾಜ್ಯ ದಾರಿಗೆ ಬಂತು. ಕಲಿಸುವವರಿಗೆ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಇರಲೇಬೇಕೆಂದು ಪಟ್ಟು ಹಿಡಿದಿದ್ದ ಮಿಷಿಗನ್‌ನಲ್ಲೂ 1993ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಧಾರ್ಮಿಕ ಕಾರಣಕ್ಕೆ ಮನೆಯಲ್ಲಿ ಕಲಿಸುವವರಿಗೆ ಆ ನಿಯಮ ಅನ್ವಯಿಸದು ಎಂದಿತು. ಅಲ್ಲಿಗೆ ಐವತ್ತೂ ರಾಜ್ಯಗಳಲ್ಲಿ ಮನೆ ಶಿಕ್ಷಣ ಕಾನೂನುಬದ್ಧವಾಯಿತು.

ಮರುವರ್ಷವೇ ಈ ಕುಟುಂಬಗಳ ಬಲ ಎಷ್ಟೆಂದು ವಾಷಿಂಗ್ಟನ್ನಿಗೆ ಗೊತ್ತಾಯಿತು. 1994ರ ಶಿಕ್ಷಣ ಮಸೂದೆಯಲ್ಲಿ ಶಿಕ್ಷಕರ ಪ್ರಮಾಣಪತ್ರದ ಬಗ್ಗೆ ಒಂದು ಸಾಲು ಇತ್ತು. ಅದು ತಮ್ಮ ಕುತ್ತಿಗೆಗೂ ಬಂದೀತು ಎಂದು ಹೆದರಿದ ತಾಯಂದಿರು, ತಂದೆಯರು ಸಂಸತ್ತಿಗೆ ಫೋನ್ ಮಾಡತೊಡಗಿದರು. ಲಕ್ಷಗಟ್ಟಲೆ ಕರೆಗಳು. ಸಂಸದರ ಕಚೇರಿಗಳ ಫೋನುಗಳು ದಿನಗಟ್ಟಲೆ ಬಿಡುವಿಲ್ಲದಂತಾದವು. ಕೊನೆಗೆ ಆ ಸಾಲನ್ನು ತೆಗೆದುಹಾಕುವುದರ ಪರ 424 ಮತಗಳು ಬಿದ್ದರೆ, ವಿರುದ್ಧ ಬಿದ್ದದ್ದು ಒಂದೇ ಮತ.

ಮನೆಯಲ್ಲಿ ಕಲಿಸಲು ಬಿಟ್ಟಾಯಿತು. ಎರಡನೆಯ ಪ್ರಶ್ನೆ ಎದ್ದದ್ದು ಇಲ್ಲೇ. ಮಗು ಹದಿನಾಲ್ಕು ಹದಿನೈದಕ್ಕೆ ಬಂದಾಗ ರಸಾಯನಶಾಸ್ತ್ರದ ಪ್ರಯೋಗ ಅಡುಗೆಮನೆಯಲ್ಲಿ ಎಷ್ಟು ದಿನ ನಡೆದೀತು? ಹನ್ನೊಂದು ಜನ ಬೇಕಾದ ಆಟವನ್ನು ಇಬ್ಬರು ಮಕ್ಕಳ ಮನೆಯಲ್ಲಿ ಆಡುವುದೆಂತು? ಅಮೆರಿಕದಲ್ಲಿ ಶಾಲೆಯ ಆಟ ಬರೀ ಆಟವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಾಲೇಜಿನ ತಂಡಗಳಿಗೆ ಆಟಗಾರರನ್ನು ಆರಿಸುವವರು ಹೈಸ್ಕೂಲ್ ಪಂದ್ಯಗಳನ್ನು ನೋಡಿಯೇ ಆರಿಸುತ್ತಾರೆ. ತಂಡದಲ್ಲಿ ಜಾಗ ಸಿಕ್ಕರೆ ಕಾಲೇಜಿನ ಶುಲ್ಕವೇ ಮಾಫಿಯಾಗಬಹುದು. ಶಾಲೆಗಳಿಗೆ ಬರುವ ಹಣದಲ್ಲಿ ಒಂದು ದೊಡ್ಡ ಪಾಲು ಊರಿನ ಮನೆ ಜಮೀನುಗಳ ಮೇಲಿನ ತೆರಿಗೆಯಿಂದ. ಹೀಗಾಗಿ 'ನಮ್ಮ ದುಡ್ಡು, ನಮ್ಮ ಮೈದಾನ' ಎಂಬ ಮಾತಿಗೆ ಅಲ್ಲಿ ನಮ್ಮಲ್ಲಿಗಿಂತ ತೂಕ ಹೆಚ್ಚು.

ಐಯೊವಾ ರಾಜ್ಯ 1991ರಲ್ಲೇ ಇದಕ್ಕೊಂದು ದಾರಿ ಮಾಡಿತ್ತು. ಮನೆಯಲ್ಲಿ ಓದುವ ಮಗು ಊರಿನ ಶಾಲೆಯಲ್ಲೂ ಹೆಸರು ನೋಂದಾಯಿಸಿ ಬೇಕಾದ ಪಾಠಕ್ಕೆ, ಆಟಕ್ಕೆ ಹೋಗಬಹುದು. ಫ್ಲಾರಿಡಾ 1996ರಲ್ಲಿ ಮನೆಯಲ್ಲಿ ಓದುವವರಿಗೆ ಸರ್ಕಾರಿ ಶಾಲೆಯ ತಂಡಗಳ ಬಾಗಿಲು ತೆರೆಯಿತು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಓಕ್ಲಹೋಮ ರಾಜ್ಯದ ಗಥ್ರಿ ಎಂಬ ಊರಿನಲ್ಲಿ ಮನೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಸರ್ಕಾರಿ ಶಾಲೆಯಲ್ಲಿ ಒಂದೆರಡು ಪಾಠಗಳಿಗೆ ಮಾತ್ರ ಕೂರುತ್ತಿದ್ದಳು. ಶಾಲಾ ಮಂಡಳಿ ಇದಕ್ಕೆ ತಡೆ ಹಾಕಿತು. ಯಾವ ಮಕ್ಕಳ ಲೆಕ್ಕದಲ್ಲಿ ರಾಜ್ಯದಿಂದ ಅನುದಾನ ಬರುತ್ತದೋ ಅವರಿಗಷ್ಟೇ ಅರ್ಧ ದಿನದ ಪಾಠ ಎಂಬ ನಿಯಮ ಮಾಡಿತು. ಹೆತ್ತವರು ಕೋರ್ಟಿಗೆ ಹೋದರು. 1998ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರವಾಗಿ ತೀರ್ಪಿತ್ತಿತು. ಮನೆಯಲ್ಲಿ ಕಲಿಸುವ ಹಕ್ಕು ಇದೆ, ಶಾಲೆಯ ಊಟದಲ್ಲಿ ತಮಗೆ ಬೇಕಾದ ಪಲ್ಯವನ್ನಷ್ಟೇ ಬಡಿಸಿಕೊಳ್ಳುವ ಹಕ್ಕು ಇಲ್ಲ ಎಂಬುದು ತೀರ್ಪಿನ ಸಾರ ಎಂದರೆ ತಪ್ಪಾಗದು. ಹೀಗೆ ಕೋರ್ಟಿನ ದಾರಿ ಮುಚ್ಚಿದ್ದರಿಂದಲೇ ಹೋರಾಟ ಶಾಸನಸಭೆಗಳತ್ತ ಹೊರಳಿತು.

ಅಷ್ಟರಲ್ಲಿ ಈ ಹೋರಾಟಕ್ಕೆ ಒಬ್ಬ ನಾಯಕ ತಾನಾಗಿ ಸಿಕ್ಕಿದ. ಟಿಮ್ ಟೀಬೋ, ಧರ್ಮಪ್ರಚಾರಕ ದಂಪತಿಯ ಮಗ, ತಾಯಿಯ ಬಳಿ ಮನೆಯಲ್ಲೇ ಓದಿದವ. ಫ್ಲಾರಿಡಾದ 1996ರ ಕಾನೂನಿನ ಬಲದಿಂದ ನೀಸ್ ಹೈಸ್ಕೂಲ್ ಎಂಬ ಸರ್ಕಾರಿ ಶಾಲೆಯ ತಂಡಕ್ಕೆ ಆಡಿದ. ಆ ಶಾಲೆಯ ವ್ಯಾಪ್ತಿಯಲ್ಲಿ ವಾಸವಿರಬೇಕೆಂಬ ನಿಯಮಕ್ಕಾಗಿ ತಾಯಿ ಮಗ ಬೇರೆ ಮನೆ ಮಾಡಿಕೊಂಡು ಇದ್ದರು. 2005ರಲ್ಲಿ ಶಾಲೆ ರಾಜ್ಯ ಚಾಂಪಿಯನ್ ಆಯಿತು. 2007ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಈತನ ಕೈ ಸೇರಿತು. ಎರಡನೇ ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನಿಗೆ ಅದು ಸಿಕ್ಕದ್ದು ಅದೇ ಮೊದಲು. ಅಲ್ಲಿಂದ ಇಂಥ ಮಸೂದೆ ಎಲ್ಲಿ ಬಂದರೂ ಅದಕ್ಕೆ 'ಟಿಮ್ ಟೀಬೋ ಮಸೂದೆ' ಎಂದೇ ಹೆಸರು.

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಶಾಲೆಯ ಮಕ್ಕಳು ಪಾಠದಲ್ಲಿ ಪಾಸಾಗದಿದ್ದರೆ ತಂಡದಿಂದ ಹೊರಗೆ. ತಾಯಿಯೇ ಮೇಷ್ಟ್ರಾಗಿ ತಾಯಿಯೇ ಅಂಕ ಕೊಡುವ ಮಗುವಿಗೆ ಈ ನಿಯಮ ಹೇಗೆ ಅನ್ವಯಿಸಬೇಕು? ದಿನವಿಡೀ ಶಾಲೆಯಲ್ಲಿ ಕೂತ ಹುಡುಗನ ಜಾಗ ಸಂಜೆ ಮಾತ್ರ ಬರುವವನಿಗೆ ಹೋದರೆ ಅದು ನ್ಯಾಯವೇ? ವರ್ಜೀನಿಯಾದ ಗವರ್ನರ್ ಟೆರ್ರಿ ಮೆಕಾಲಿಫ್ 2015ರಲ್ಲಿ ಮಸೂದೆಯನ್ನು ತಿರಸ್ಕರಿಸಿದಾಗ ಕೊಟ್ಟದ್ದೂ ಇದೇ ಬಗೆಯ ಕಾರಣ. ಮುಂದಿನ ವರ್ಷ ಮಸೂದೆ ಮತ್ತೆ ಬಂತು, ಮತ್ತೆ ತಿರಸ್ಕೃತವಾಯಿತು. ಮನೆ ಶಿಕ್ಷಣದವರಲ್ಲೇ ಒಮ್ಮತವಿಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. ಸರ್ಕಾರದ ಮೈದಾನಕ್ಕೆ ಕಾಲಿಟ್ಟರೆ ನಾಳೆ ಸರ್ಕಾರದ ಪರೀಕ್ಷೆ, ತಪಾಸಣೆ ಮನೆಯೊಳಗೆ ಕಾಲಿಡುತ್ತವೆ ಎಂದು ಹೆದರುವ ಹಳಬರು ಅನೇಕರಿದ್ದಾರೆ. ಟೆಕ್ಸಾಸ್ 2021ರಲ್ಲಿ ನಡುದಾರಿ ಹಿಡಿದು, ಇಂಥ ಮಕ್ಕಳನ್ನು ಸೇರಿಸಿಕೊಳ್ಳುವ ಅಥವಾ ಬಿಡುವ ತೀರ್ಮಾನವನ್ನು ಆಯಾ ಶಾಲಾ ಜಿಲ್ಲೆಗೇ ಬಿಟ್ಟಿತು.

ಕಾಲೇಜಿನ ಬಾಗಿಲು ಇದಕ್ಕಿಂತ ಸುಲಭವಾಗಿ ತೆರೆಯಿತು. 1998ರ ಉನ್ನತ ಶಿಕ್ಷಣ ತಿದ್ದುಪಡಿಯ ನಂತರ, ಬೇರೊಂದು ಪರೀಕ್ಷೆ ಬರೆಯದೆಯೂ ಮನೆಯಲ್ಲಿ ಓದಿದವರು ಕೇಂದ್ರ ಸರ್ಕಾರದ ವಿದ್ಯಾರ್ಥಿ ಧನಸಹಾಯ ಪಡೆಯುವಂತಾಯಿತು. ಬಾಗಿಲು ಮೊದಲಿನಿಂದಲೇ ತೆರೆದಿದ್ದ ಕಡೆ ಏನಾಯಿತೆಂಬುದಕ್ಕೆ ರಾಷ್ಟ್ರೀಯ ಸ್ಪೆಲಿಂಗ್ ಸ್ಪರ್ಧೆಯೇ ಸಾಕ್ಷಿ. 2000ದ ಸ್ಪರ್ಧೆಯಲ್ಲಿ ಮೊದಲ ಮೂರೂ ಸ್ಥಾನ ಮನೆಯಲ್ಲಿ ಓದಿದ ಮಕ್ಕಳ ಪಾಲಾಯಿತು. ಗೆದ್ದವನು ಭಾರತೀಯ ಮೂಲದ ಹನ್ನೆರಡರ ಹುಡುಗ ಜಾರ್ಜ್ ಅಬ್ರಹಾಂ ಥಂಪಿ.

ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಸಂಖ್ಯೆ ವಿಭಾಗದ ಪ್ರಕಾರ ಮನೆಯಲ್ಲಿ ಓದುವವರು 1999ರಲ್ಲಿ ಸುಮಾರು 8.5 ಲಕ್ಷ, 2016ರ ಹೊತ್ತಿಗೆ ಸುಮಾರು 17 ಲಕ್ಷ. ಕೋವಿಡ್ ಬಂದ 2020ರಲ್ಲಿ ಚಿತ್ರವೇ ಬದಲಾಯಿತು. ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳಲ್ಲಿ ಮನೆ ಶಿಕ್ಷಣದ ಪ್ರಮಾಣ ಆ ವರ್ಷದ ವಸಂತದಲ್ಲಿ ಶೇ 5.4 ಇದ್ದದ್ದು ಅಕ್ಟೋಬರ್ ವೇಳೆಗೆ ಶೇ 11.1ಕ್ಕೆ ಏರಿತೆಂದು ಅಲ್ಲಿನ ಜನಗಣತಿ ಇಲಾಖೆ ಹೇಳಿತು. ಕಪ್ಪು ಜನರ ಕುಟುಂಬಗಳಲ್ಲಿ ಏರಿಕೆ ಶೇ 3.3ರಿಂದ ಶೇ 16.1ಕ್ಕೆ. ಬಿಳಿಯ ಕ್ರೈಸ್ತ ಕುಟುಂಬಗಳ ಹಟ ಎಂದು ಇದನ್ನು ತಳ್ಳಿಹಾಕುವಂತಿರಲಿಲ್ಲ.

ನಮ್ಮಲ್ಲಿ? ಕೂಲಿ ಮಠಗಳ ಕಾಲದಲ್ಲಿ ಅಯ್ಯನವರ ಬಳಿ, ಮನೆಯ ಹಿರಿಯರ ಬಳಿ ಓದುವುದು ವಿಶೇಷವೇನಾಗಿರಲಿಲ್ಲ. ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಕಡೆ ಕಡ್ಡಾಯ ಮಾಡಲು ಕಾನೂನು ತಂದದ್ದು 1913ರಲ್ಲಿ. ಇಂದು ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಮನೆಯಲ್ಲೇ ಕಲಿಸುವ ಕುಟುಂಬಗಳು ಮತ್ತೆ ಕಾಣಿಸಿಕೊಂಡಿವೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆ ಏನೆಂದು ಹೇಳುವುದಿಲ್ಲ. ಈ ಬಿರುಕಿನಲ್ಲೇ ಅವರ ಬದುಕು ನಡೆದಿದೆ. ಆದರೆ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಕ್ಕಾಗಲಿ ಪ್ರತಿಭಾ ಕಾರಂಜಿಗಾಗಲಿ ಹೆಸರು ಹೋಗಬೇಕಾದರೆ ಶಾಲೆಯ ಮೂಲಕವೇ ಹೋಗಬೇಕು.

ಮನೆಯಲ್ಲಿ ಓದಿದವರಿಗೆ ಇಲ್ಲಿರುವ ಮುಖ್ಯ ಆಸರೆ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ; ಈಗ ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಹತ್ತು, ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ಅಲ್ಲಿ ಬರೆಯಬಹುದು. ಆ ಕಾಗದವೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2016ರಲ್ಲಿ ಸುದ್ದಿಯಾಯಿತು. ಏಳನೇ ತರಗತಿಯ ಹೊತ್ತಿಗೆ ಶಾಲೆ ಬಿಟ್ಟು ಮನೆಯಲ್ಲಿ ಓದಿದ ಮುಂಬೈನ ಹುಡುಗಿ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದಿದ್ದಳು. ಹನ್ನೆರಡನೇ ತರಗತಿಯ ಪ್ರಮಾಣಪತ್ರ ಇಲ್ಲದ್ದರಿಂದ ಐಐಟಿಗೆ ಸೇರುವಂತಿರಲಿಲ್ಲ. ಅಮೆರಿಕದ ಎಂಐಟಿ ಸೇರಿಸಿಕೊಂಡಿತು.

ಕಾಗದ ಇದ್ದವರಿಗೂ ತೊಡಕು ತಪ್ಪಲಿಲ್ಲ. ಮುಕ್ತ ಶಾಲೆಯಲ್ಲಿ ಪಾಸಾದವರು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಅರ್ಹರಲ್ಲ ಎಂಬ ನಿಯಮವನ್ನು ದೆಹಲಿ ಹೈಕೋರ್ಟು 2018ರ ಮೇ ತಿಂಗಳಲ್ಲಿ ರದ್ದು ಮಾಡಿತು. ವೈದ್ಯಕೀಯ ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯಿತು. ನಂತರದ ವರ್ಷಗಳಲ್ಲಿ ಈ ಮಕ್ಕಳು ನೀಟ್ ಬರೆದದ್ದು ಕೋರ್ಟಿನ ಅಂತಿಮ ತೀರ್ಪಿಗೆ ಒಳಪಟ್ಟು. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಇವರನ್ನು ಪರಿಗಣಿಸುವುದಾಗಿ ಪತ್ರ ಬರೆಯಿತು. ಅದನ್ನು ದಾಖಲಿಸಿಕೊಂಡು ಸುಪ್ರೀಂ ಕೋರ್ಟು ವ್ಯಾಜ್ಯಕ್ಕೆ ತೆರೆ ಎಳೆದದ್ದು 2024ರ ಮಾರ್ಚಿನಲ್ಲಿ. 2018ರಲ್ಲಿ ಹನ್ನೆರಡನೇ ತರಗತಿ ಮುಗಿಸಿದವರು ಆ ಹೊತ್ತಿಗೆ ಎಂಬಿಬಿಎಸ್ ಪೂರೈಸಬಹುದಾದಷ್ಟು ಕಾಲ ಕಳೆದಿತ್ತು.